ಕೂಸಿನೊಡನೆ ವಿನೋದವನಕ್ಕೆ

ಬೇಸಗೆಯ ರಜೆ ಬಂದಿತೆಂದರೆ ಚಿಂತಾಮಣಿಯ ಬಸ್ ನಿಲ್ದಾಣದ ಬಳಿಯಿಂದಲೋ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಎದುರಿನ ರಸ್ತೆಯಿಂದಲೋ, ಇನ್ನೂ ಮೂಡಲು ಕೆಂಪೇರದ ಹೊತ್ತಿನಲ್ಲಿಯೇ ಬಾಡಿಗೆಯ ಟೆಂಪೋಗಳು ಜನರನ್ನು ತುಂಬಿಕೊಂಡು ಬೆಂಗಳೂರಿನ ದಿಕ್ಕಿಗೆ ಹೊರಡುವುದನ್ನು ಈ ಚಿಕ್ಕಬಳ್ಳಾಪುರದ ಸೀಮೆಯಲ್ಲಿ ನೋಡದವರಿಲ್ಲ. ಅವುಗಳಲ್ಲಿ ಹಲವು ರಾಜಧಾನಿಯನ್ನು ದಾಟಿ, ಮೈಸೂರು ರಸ್ತೆಯಲ್ಲಿ ಬಿಡದಿಯ ಸಮೀಪವಿರುವ ವಂಡರ್‌ಲಾ ಎಂಬ ವಿನೋದವನವನ್ನು ಮುಟ್ಟತಕ್ಕವು. ಶಾಲೆಯ ಹುಡುಗರು, ಕಾಲೇಜಿನ ತರುಣಿಯರು, ಹುಳು ಹಣ್ಣಾಗಿ ಗೂಡು ಮಾರಿದ ಹಣ ಕೈಗೆ ಬಂದ ಉತ್ಸಾಹದಲ್ಲಿರುವ ಸೋದರಮಾವಂದಿರು, ಮೊಮ್ಮಕ್ಕಳ ಒತ್ತಾಯಕ್ಕೆ ಮಣಿದು ಹೊರಟ ಅಜ್ಜಿಯರು, ಇವರೆಲ್ಲರ ನಡುವೆ, ಕಿಟಕಿಯ ಗಾಳಿ ನೇರವಾಗಿ ಬೀಸದ ಒಂದು ಮೂಲೆಯ ಆಸನದಲ್ಲಿ, ಆರೋ ಎಂಟೋ ತಿಂಗಳ ಕೂಸನ್ನು ಮಡಿಲಲ್ಲಿಟ್ಟುಕೊಂಡ ತಾಯಿಯೊಬ್ಬಳು ಬಹುಮಟ್ಟಿಗೆ ಇದ್ದೇ ಇರುತ್ತಾಳೆ. ಮಿಕ್ಕವರ ಪ್ರಯಾಣವೆಲ್ಲ ಒಂದು ಮಾತಿನಲ್ಲಿ ನಿಶ್ಚಯವಾದದ್ದು. ಇವಳೊಬ್ಬಳ ಪ್ರಯಾಣ ಮಾತ್ರ ಹಿಂದಿನ ರಾತ್ರಿಯವರೆಗೂ ಮನೆಯಲ್ಲಿ ಚರ್ಚೆಯ ವಿಷಯವಾಗಿ ಉಳಿದಿದ್ದದ್ದು.

ಆ ಚರ್ಚೆಯ ಸ್ವರೂಪ ನಮ್ಮ ಕಡೆಯ ಮನೆಗಳಲ್ಲಿ ಎಲ್ಲರಿಗೂ ಪರಿಚಿತ. "ಎಳೇ ಕೂಸನ್ನ ಎತ್ಕೊಂಡು ಆ ಗದ್ದಲಕ್ಕೆ ಯಾಕಮ್ಮ? ದೃಷ್ಟಿ ತಾಕುತ್ತೆ, ಗಾಳಿ ಸೋಕುತ್ತೆ. ನಾನಿದೀನಿ, ನನ್ನ ಹತ್ರ ಬಿಟ್ಟು ಹೋಗು" ಎನ್ನುವ ಅತ್ತೆಯ ಮಾತಿನಲ್ಲಿ ಅಕ್ಕರೆಯೇ ಇರುತ್ತದೆಯಲ್ಲದೆ ಬೇರೇನೂ ಇರುವುದಿಲ್ಲ. "ಹಾಲು ಕುಡಿಯೋ ಕೂಸನ್ನ ಬಿಟ್ಟು ಹೆಂಗತ್ತೆ ಹೋಗ್ಲಿ? ನೀವೆಲ್ಲ ಹೋಗ್ಬನ್ನಿ, ನಾನೇ ಮನೇಲಿ ಉಳ್ಕೋತೀನಿ" ಎಂದು ಸೊಸೆ ಹೇಳುತ್ತಾಳೆ, ಹಾಗೆ ಹೇಳುವಾಗ ಅವಳ ಮುಖದ ಕಡೆಗೆ ತಿರುಗಿ ನೋಡುವವರು ಕಡಿಮೆ. ಹೆರಿಗೆಗೆಂದು ತವರಿಗೆ ಹೋಗಿ, ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿಯಿಟ್ಟು, ಬಾಣಂತಿಕೋಣೆಯ ಮಬ್ಬಿನಲ್ಲಿ ತಿಂಗಳುಗಳನ್ನು ಕಳೆದು, ಅಲ್ಲಿಂದ ಮರಳಿ ಗಂಡನ ಮನೆಯ ಅಡುಗೆ, ಬಟ್ಟೆ, ಕೂಸಿನ ರಾತ್ರಿಯ ಎಚ್ಚರಗಳ ನಡುವೆ ಸೇರಿಕೊಂಡವಳಿಗೆ, ಒಂದು ದಿನ ಹೊರಗಿನ ಬೆಳಕನ್ನೂ ಹತ್ತು ಜನರ ನಗುವನ್ನೂ ಕಾಣಬೇಕೆಂಬ ಆಸೆ ಇದ್ದರೆ ಅದು ಯಾವ ವಿಧದಿಂದಲೂ ಅತಿಯಾದ ಆಸೆಯಲ್ಲ.

ಆದುದರಿಂದ ನನ್ನ ಅಭಿಪ್ರಾಯವನ್ನು ಆರಂಭದಲ್ಲಿಯೇ ಹೇಳಿಬಿಡುವುದು ಉಚಿತ. ವರ್ಷ ತುಂಬದ ಕೂಸಿಗೆ ವಿನೋದವನದಿಂದ ದೊರಕಬೇಕಾದದ್ದು ಏನೂ ಇಲ್ಲ. ಅದಕ್ಕೆ ಬೇಕಾದ ಸಮಸ್ತ ವಿನೋದವೂ ತಾಯಿಯ ಮುಖದಲ್ಲಿ, ತೂಗಾಡುವ ಒಂದು ಎಲೆಯಲ್ಲಿ, ತನ್ನದೇ ಕಾಲಿನ ಬೆರಳುಗಳಲ್ಲಿ ಇರುತ್ತದೆ. ದೊರಕಬೇಕಾದದ್ದೇನಾದರೂ ಇದ್ದರೆ ಅದು ತಾಯಿಗೆ. ಕೂಸಿಗಾಗಿ ಹೋಗುತ್ತಿದ್ದೇವೆಂದು ನಂಬಿ ಹೊರಟ ಕುಟುಂಬ ಅದನ್ನು ಎಲ್ಲ ಆಟಗಳ ಎದುರಿಗೂ ಎತ್ತಿ ಹಿಡಿದು, ಅದು ನಗಲಿಲ್ಲವೆಂದು ಬೇಸರಪಟ್ಟು, ಅತ್ತಿತೆಂದು ಗಾಬರಿಗೊಂಡು, ದಿನವನ್ನು ಕೆಡಿಸಿಕೊಳ್ಳುತ್ತದೆ. ತಾಯಿಗಾಗಿ ಹೋಗುತ್ತಿದ್ದೇವೆ, ಕೂಸು ಅವಳ ಜೊತೆಗೆ ಬರುತ್ತಿದೆ ಎಂದು ತಿಳಿದು ಹೊರಟವರು ಕೂಸಿನ ಸೌಖ್ಯವನ್ನೂ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಏಕೆಂದರೆ ಕೂಸು ನೆಮ್ಮದಿಯಾಗಿದ್ದಲ್ಲದೆ ತಾಯಿಯ ವಿಹಾರ ನಡೆಯದು.

ಹಸುಗೂಸನ್ನು ಜನಸಂದಣಿಗೆ ಕರೆದೊಯ್ಯುವುದು ಈ ಕಾಲದ ಹೊಸ ಸಾಹಸವೆಂದು ಭಾವಿಸುವವರಿದ್ದಾರೆ. ಅವರು ನಮ್ಮ ಪರಿಷೆಗಳನ್ನು ನೆನೆಯಬೇಕು. ನಂದಿಯ ಬೆಟ್ಟದ ಬುಡದಲ್ಲಿ ಭೋಗನಂದೀಶ್ವರನ ತೇರು ಶಿವರಾತ್ರಿಯ ಸಂದರ್ಭದಲ್ಲಿ ನಡೆಯುವಾಗ ನಾಲ್ಕು ತಾಲ್ಲೂಕುಗಳ ಹಳ್ಳಿಗಳಿಂದಲೂ ಜನ ಬಂದು ಸೇರುತ್ತಿದ್ದರು. ಅವರಲ್ಲಿ ಕಂಕುಳ ಕೂಸುಗಳಿಗೆ ಲೆಕ್ಕವಿರಲಿಲ್ಲ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವನ್ನು ಚರಿತ್ರೆಯ ಪುಸ್ತಕಗಳು 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹಿಗಳ ಮೇಲೆ ನಡೆದ ಗೋಲಿಬಾರಿನ ಮೂಲಕ ಅರಿಯುತ್ತವೆ. ಆದರೆ ಅಲ್ಲಿನ ಅಶ್ವತ್ಥದ ತಾಣದಲ್ಲಿ ಸಾಲುಸಾಲಾಗಿ ನಿಂತಿರುವ ನಾಗರಕಲ್ಲುಗಳು ಹೇಳುವ ಚರಿತ್ರೆ ಬೇರೆ. ಅವು ಮಕ್ಕಳಾಗಲೆಂದು ಹರಕೆ ಹೊತ್ತವರು ಪ್ರತಿಷ್ಠಿಸಿದವು. ಹರಕೆ ಫಲಿಸಿ ಹುಟ್ಟಿದ ಕೂಸನ್ನು ಮತ್ತೆ ಅದೇ ಸನ್ನಿಧಿಗೆ ಎತ್ತಿಕೊಂಡು ಬರದೆ ಹರಕೆ ಮುಗಿಯುವುದೆಂತು? ಹೀಗೆ ಜನಜಂಗುಳಿಯ ನಡುವೆ ಕೂಸನ್ನು ಕಾಪಾಡಿಕೊಳ್ಳುವ ವಿದ್ಯೆ ಈ ಸೀಮೆಯ ಹೆಂಗಸರಿಗೆ ಪರಂಪರೆಯಿಂದ ಬಂದದ್ದು.

ಆ ವಿದ್ಯೆಯ ಅಂಶಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಎತ್ತಿನ ಗಾಡಿ ಕಟ್ಟಿಕೊಂಡು ಪರಿಷೆಗೆ ಬಂದವರು ಮೊದಲು ಮಾಡುತ್ತಿದ್ದ ಕೆಲಸ ದೇವರ ದರ್ಶನವಲ್ಲ, ನೆರಳು ಹಿಡಿಯುವುದು. ಹೊಂಗೆಯ ಮರದ ಅಡಿಯಲ್ಲಿಯೋ ಹುಣಿಸೆಯ ತೋಪಿನಲ್ಲಿಯೋ ಗಾಡಿ ಬಿಟ್ಟು, ಹಳೆಯ ಸೀರೆಯ ಜೋಲಿ ಕಟ್ಟಿ, ಕೂಸನ್ನು ಅದರಲ್ಲಿ ಮಲಗಿಸಿ, ವಯಸ್ಸಾದ ಒಬ್ಬಾಕೆಯನ್ನು ಕಾವಲಿಟ್ಟು, ಅನಂತರ ಉಳಿದವರು ಸರದಿಯಂತೆ ಗುಡಿಗೆ, ಅಂಗಡಿಬೀದಿಗೆ, ರಾಟೆ ತೊಟ್ಟಿಲಿಗೆ ಹೋಗಿ ಬರುತ್ತಿದ್ದರು. ತೇರು ಎಳೆಯುವ ಹೊತ್ತಿಗೆ ಕೂಸನ್ನು ಎತ್ತಿಕೊಂಡವಳು ಜನಸ್ತೋಮದ ನಡುವೆ ನುಗ್ಗುತ್ತಿರಲಿಲ್ಲ; ಎತ್ತರದ ಒಂದು ಜಗಲಿಯನ್ನೋ ಮಂಟಪದ ಮೆಟ್ಟಿಲನ್ನೋ ಆರಿಸಿಕೊಂಡು ದೂರದಿಂದಲೇ ಕೈಮುಗಿಯುತ್ತಿದ್ದಳು. ಭೋಗನಂದೀಶ್ವರನ ಆವರಣದ ಕಲ್ಲು ಮಂಟಪಗಳಲ್ಲಿಯೂ ಕಲ್ಯಾಣಿಯ ಸುತ್ತಣ ಕೈಸಾಲೆಯಲ್ಲಿಯೂ ಬಿಸಿಲಿನ ಹೊತ್ತಿನಲ್ಲಿ ಕುಳಿತು ನೋಡಿದವರಿಗೆ, ಆ ತಂಪು ಎಷ್ಟು ತಲೆಮಾರುಗಳ ತಾಯಂದಿರಿಗೆ ಆಶ್ರಯವಾಗಿದ್ದಿರಬೇಕೆಂಬುದು ತಾನಾಗಿಯೇ ಹೊಳೆಯುತ್ತದೆ. ನೆರಳು, ನೀರು, ಕೂಸನ್ನು ಮಲಗಿಸಲು ಒಂದು ತಾಣ, ಹೆಗಲು ಬದಲಾಯಿಸಲು ಒಬ್ಬ ಆಪ್ತೆ, ಹಿಂದೆ ಸರಿಯಲು ಒಂದು ದಾರಿ: ಪರಿಷೆಯ ಅನುಭವ ಕಲಿಸಿದ್ದು ಇಷ್ಟು.

ವಿನೋದವನಗಳ ಜನ್ಮಕ್ಕೂ ದೊಡ್ಡವರು ಮಕ್ಕಳೊಡನೆ ಹೊರಡುವ ಈ ವಿಹಾರಕ್ಕೂ ಒಂದು ಸಂಬಂಧವುಂಟು. ಅಮೆರಿಕದ ಲಾಸ್ ಏಂಜಲೀಸ್ ನಗರದ ಗ್ರಿಫಿತ್ ಉದ್ಯಾನದಲ್ಲಿ ತನ್ನ ಹೆಣ್ಣುಮಕ್ಕಳು ಮರದ ಕುದುರೆಗಳ ಚಕ್ರದಲ್ಲಿ ಸುತ್ತುತ್ತಿರುವಾಗ, ಮಾಡಲು ಕೆಲಸವಿಲ್ಲದೆ ಬೆಂಚಿನ ಮೇಲೆ ಕುಳಿತಿದ್ದ ವಾಲ್ಟ್ ಡಿಸ್ನಿಗೆ, ತಂದೆತಾಯಿಗಳೂ ಮಕ್ಕಳೂ ಒಟ್ಟಿಗೆ ಸಂತೋಷಪಡುವ ಸ್ಥಳವೊಂದು ಏಕಿರಬಾರದೆಂಬ ಯೋಚನೆ ಬಂದಿತೆಂದು ಆತನೇ ಹೇಳಿಕೊಂಡಿದ್ದಾನೆ. ಆ ಯೋಚನೆಯಿಂದ 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ಪ್ರಾರಂಭವಾಯಿತು. ಅದಕ್ಕಿಂತ ಬಹಳ ಹಿಂದೆ, 1843ರಲ್ಲಿ, ಕೋಪನ್‌ಹೇಗನ್ನಿನಲ್ಲಿ ಟಿವೋಲಿ ಉದ್ಯಾನ ತೆರೆದಿತ್ತು. ನಮ್ಮ ನಾಡಿನಲ್ಲಿಯೂ, ಇದೇ ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ಹೆಸರಿನೊಡನೆ ಬೆರೆತುಹೋಗಿರುವ ಕನ್ನಂಬಾಡಿ ಕಟ್ಟೆಯ ಕೆಳಗೆ, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರು ನಿರ್ಮಿಸಿದ ಬೃಂದಾವನದ ಕಾರಂಜಿಗಳನ್ನೂ ದೀಪಗಳನ್ನೂ ನೋಡಲು ಮೂರು ತಲೆಮಾರಿನ ಜನ ಕೂಸುಗಳನ್ನು ಎತ್ತಿಕೊಂಡು ಹೋದದ್ದುಂಟು. ಯಂತ್ರಗಳ ವಿನೋದವನ ದೇಶದಲ್ಲಿ ಪ್ರಚಾರಕ್ಕೆ ಬಂದದ್ದು ದೆಹಲಿಯಲ್ಲಿ 1984ರಲ್ಲಿ ಅಪ್ಪು ಘರ್ ತೆರೆದ ಮೇಲೆ. ಕೇರಳದ ಉದ್ಯಮಿ ಕೊಚೌಸೇಫ್ ಚಿಟ್ಟಿಲಪ್ಪಿಳ್ಳಿಯವರು 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡನ್ನು ಆರಂಭಿಸಿ, 2005ರಲ್ಲಿ ಬೆಂಗಳೂರಿನಿಂದ 28 ಕಿ.ಮೀ. ದೂರದಲ್ಲಿ, ಸುಮಾರು 82 ಎಕರೆಯ ವಿಸ್ತಾರದಲ್ಲಿ ವಂಡರ್‌ಲಾವನ್ನು ತೆರೆದರು.

ಚಿಕ್ಕಬಳ್ಳಾಪುರದವರಿಗೆ ಇದು ಸುಮಾರು ತೊಂಬತ್ತು ಕಿಲೋಮೀಟರುಗಳ ಪ್ರಯಾಣ. ಚಿಂತಾಮಣಿಯವರಿಗೂ ಶಿಡ್ಲಘಟ್ಟದವರಿಗೂ ಇನ್ನೂ ಹೆಚ್ಚು. ದೇವನಹಳ್ಳಿಯ ಹೆದ್ದಾರಿಯಲ್ಲಿ ಸುಖವಾಗಿ ಸಾಗಿದ ವಾಹನ ಹೆಬ್ಬಾಳದ ಬಳಿ ನಿಂತರೆ ನಿಂತಿತು. ಗೌರಿಬಿದನೂರಿನವರು ದೊಡ್ಡಬಳ್ಳಾಪುರ, ನೆಲಮಂಗಲಗಳ ಮಾರ್ಗವಾಗಿ ಬಂದು ತುಮಕೂರು ರಸ್ತೆಯಿಂದ ನೈಸ್ ರಸ್ತೆಯನ್ನು ಹಿಡಿದರೆ ನಗರದ ಒಡಲನ್ನು ಹೊಕ್ಕದೆಯೇ ಮೈಸೂರು ರಸ್ತೆಯನ್ನು ಸೇರಬಹುದು. ಕೂಸಿರುವ ಕುಟುಂಬ ಮೊದಲು ಲೆಕ್ಕ ಹಾಕಬೇಕಾದದ್ದು ಈ ಪ್ರಯಾಣವನ್ನೇ ಹೊರತು ಉದ್ಯಾನದ ಆಟಗಳನ್ನಲ್ಲ. ಹೋಗಿ ಬರುವ ಹೊತ್ತನ್ನು ಕೂಡಿಸಿದರೆ, ಎಳೆಯ ಮೈ ಆ ದಿನ ಕಳೆಯುವ ಸಮಯದಲ್ಲಿ ಒಂದು ದೊಡ್ಡ ಪಾಲು ವಾಹನದಲ್ಲಿಯೇ ಕಳೆಯುತ್ತದೆ. ಒಂದೂವರೆ ಗಂಟೆಗೊಮ್ಮೆಯಾದರೂ ಗಾಡಿ ನಿಲ್ಲಿಸಿ, ಕೂಸನ್ನು ಚಪ್ಪಟೆಯಾಗಿ ಮಲಗಿಸಿ, ಬಟ್ಟೆ ಬದಲಿಸಿ, ತಾಯಿ ಕೆಳಗಿಳಿದು ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಅವಕಾಶ ಕೊಡಬೇಕು. ಬೈಕಿನ ಮೇಲೆ ತಂದೆತಾಯಿಗಳ ನಡುವೆ ಕೂಸನ್ನು ಒತ್ತಿಕೊಂಡು ಇಷ್ಟು ದೂರ ಹೊರಡುವವರನ್ನು ಕಂಡಾಗಲೆಲ್ಲ ನನಗೆ ಎದೆ ನಡುಗುತ್ತದೆ. ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ಹೊರಡಿಸಿದ ಮೋಟಾರು ವಾಹನ ನಿಯಮ, ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ಶಿರಸ್ತ್ರಾಣವನ್ನೂ ಸವಾರನಿಗೆ ಬಿಗಿಯುವ ಪಟ್ಟಿಯನ್ನೂ ವಿಧಿಸಿ, ನಾಲ್ಕು ವರ್ಷದೊಳಗಿನ ಮಗು ಹಿಂದೆ ಕುಳಿತಾಗ ವೇಗವನ್ನು ಗಂಟೆಗೆ 40 ಕಿ.ಮೀ.ಗೆ ಮಿತಿಗೊಳಿಸಿದೆ. ಒಂಬತ್ತು ತಿಂಗಳಿಗಿಂತ ಎಳೆಯ ಕೂಸಿನ ತಲೆಗೆ ತಕ್ಕ ಶಿರಸ್ತ್ರಾಣವೇ ಇಲ್ಲವೆಂಬುದನ್ನು ಗಮನಿಸಿದವರು ಅದನ್ನು ದ್ವಿಚಕ್ರವಾಹನದ ಮೇಲೆ ಹೆದ್ದಾರಿಗೆ ತರಲಾರರು.

ನಮ್ಮ ಮನೆಯ ಸೊಸೆಯೂ ಎಂಟು ತಿಂಗಳ ಮೊಮ್ಮಗಳೂ ಸೇರಿದ್ದ ಒಂದು ತಂಡದೊಡನೆ ನಾನೂ ಅಲ್ಲಿಗೆ ಹೋಗಿ ಒಂದು ಹಗಲನ್ನು ಕಳೆದದ್ದುಂಟು. ಮುಂದೆ ಹೇಳುವ ಮಾತುಗಳಲ್ಲಿ ಹೆಚ್ಚಿನವು ಆ ಹಗಲು ಕಣ್ಣಿಗೆ ಬಿದ್ದವು.

ಆಟಗಳಿಗೆಲ್ಲ ಅಲ್ಲಿ ಎತ್ತರವೇ ಅಳತೆ. ಆಟದ ಬಾಗಿಲಿನಲ್ಲಿ ನಿಂತಿರುವ ಅಳತೆಗಂಬವನ್ನು ಮುಟ್ಟುವ ತವಕದಿಂದ ಹುಡುಗರು ಹಿಮ್ಮಡಿಯೆತ್ತಿ ನಿಲ್ಲುವುದನ್ನು ನೋಡುವುದೇ ಒಂದು ಸೊಗಸು. ಕೂಸಿಗೆ ಆ ತವಕವಿಲ್ಲ. ಹುಟ್ಟುವಾಗ ಸುಮಾರು 50 ಸೆಂ.ಮೀ. ಉದ್ದವಿರುವ ಮಗು, ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಪಟ್ಟಿಯ ಪ್ರಕಾರ, ವರ್ಷ ತುಂಬುವಾಗ ಸುಮಾರು 75 ಸೆಂ.ಮೀ. ಮುಟ್ಟುತ್ತದೆ, ಮೂರು ಅಡಿಯಾಗಲು ಅದು ಇನ್ನೂ ಸುಮಾರು ಒಂದೂವರೆ ವರ್ಷ ಕಾಯಬೇಕು. ಎತ್ತರದ ಈ ಕಟ್ಟಳೆಗೆ ದೇಹಧರ್ಮದಲ್ಲಿ ಬಲವಾದ ಆಧಾರವಿದೆ. ನವಜಾತ ಶಿಶುವಿನ ತಲೆ ದೇಹದ ಉದ್ದದ ನಾಲ್ಕನೆಯ ಒಂದು ಪಾಲು, ಪ್ರೌಢನಲ್ಲಿ ಅದು ಎಂಟನೆಯ ಒಂದು ಪಾಲು. ಅಷ್ಟು ಭಾರದ ತಲೆಯನ್ನು ಹೊರುವ ಕತ್ತಿನ ಸ್ನಾಯುಗಳು ಇನ್ನೂ ಬಲಿಯದಿರುವಾಗ ಹಠಾತ್ತಾದ ಒಂದು ಕುಲುಕು ಮಿದುಳಿಗೆ ಪೆಟ್ಟು ಮಾಡಬಲ್ಲುದು. ಆದಕಾರಣ, "ಒಂದೇ ಒಂದು ಸುತ್ತು, ತೊಡೆ ಮೇಲೆ ಕೂರಿಸ್ಕೋತೀನಿ" ಎಂದು ಕಾವಲಿನವನೊಡನೆ ವಾದಿಸುವ ಚಿಕ್ಕಪ್ಪಂದಿರನ್ನು ಮನೆಯವರೇ ತಡೆಯಬೇಕು. ಕಾವಲಿನವನು ಕೂಸಿನ ಪರವಾಗಿ ನಿಂತಿದ್ದಾನೆ.

ಇನ್ನು ಬಿಸಿಲು. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಾದ ನೆಲ ಕೆಳಗಿನಿಂದಲೂ ಉರಿ ಕಾರುತ್ತದೆ. ತಳ್ಳುಗಾಡಿಯಲ್ಲಿ ಮಲಗಿದ ಕೂಸು ದೊಡ್ಡವರ ಮುಖಕ್ಕಿಂತ ಆ ಉರಿಗೆ ಹತ್ತಿರ. ಬಿಸಿಲು ತಾಕದಿರಲೆಂದು ತಳ್ಳುಗಾಡಿಯ ಮೇಲೆ ದಪ್ಪ ಹೊದಿಕೆ ಮುಚ್ಚುವವರು ಒಳಗಿನ ಗಾಳಿಯನ್ನು ಕಾಯಿಸುತ್ತಿದ್ದಾರೆಂಬುದನ್ನು ಅರಿಯರು. ಈ ವಿಷಯದಲ್ಲಿ ಶಿಡ್ಲಘಟ್ಟದ ಯಾವ ಗೃಹಿಣಿಗೂ ಹೊರಗಿನವರು ಪಾಠ ಹೇಳಬೇಕಾದ ಅಗತ್ಯವಿಲ್ಲ. ಚಾಕಿ ಹಂತದ ಎಳೆಯ ರೇಷ್ಮೆಹುಳುವನ್ನು ಸಾಕುವಾಗ ಮನೆಯ ಶಾಖ 27, 28 ಡಿಗ್ರಿಯನ್ನು ಮೀರದಂತೆ, ತೇವ ಆರದಂತೆ, ಗಾಳಿ ಕಟ್ಟಿಕೊಳ್ಳದಂತೆ, ಆದರೆ ನೇರವಾಗಿ ಬೀಸದಂತೆ ಕಣ್ಣಿಟ್ಟು ಕಾಯುವ ಕೈ ಅವಳದು, ಮತ್ತು ಎಳೆಯ ಕೂಸಿಗೆ ಬೇಕಾದದ್ದೂ ಹೆಚ್ಚು ಕಡಿಮೆ ಅದೇ ಬಗೆಯ ಕಾವಲು. ಆರು ತಿಂಗಳೊಳಗಿನ ಮಗುವನ್ನು ನೇರ ಬಿಸಿಲಿಗೆ ಒಡ್ಡಲೇಬಾರದೆಂದು ವೈದ್ಯರು ಹೇಳುತ್ತಾರೆ. ಅದಕ್ಕೆ ತಾಯಿಯ ಹಾಲಲ್ಲದೆ ನೀರನ್ನೂ ಕುಡಿಸಬೇಕಿಲ್ಲ. ಬಿಸಿಲಿನ ದಿನಗಳಲ್ಲಿ ಹೆಚ್ಚು ಸಲ ಹಾಲು ಕೊಟ್ಟರೆ ಸಾಕು, ತಾಯಿ ಮಾತ್ರ ತಾನು ಧಾರಾಳವಾಗಿ ನೀರು ಕುಡಿಯಬೇಕು. ಒದ್ದೆಯಾಗುವ ಬಟ್ಟೆಗಳು ಕಡಿಮೆಯಾದರೆ, ಅಳುವಾಗ ಕಣ್ಣೀರು ಬಾರದಿದ್ದರೆ, ನೆತ್ತಿಯ ಸುಳಿ ಒಳಕ್ಕೆ ತಗ್ಗಿದಂತೆ ಕಂಡರೆ, ಮಿಕ್ಕ ಆಟಗಳನ್ನೆಲ್ಲ ಅಲ್ಲಿಗೇ ಬಿಟ್ಟು ವೈದ್ಯರಲ್ಲಿಗೆ ಧಾವಿಸತಕ್ಕದ್ದು. ಎಲ್ಲಕ್ಕಿಂತ ಒಳ್ಳೆಯದೆಂದರೆ ಬೇಸಗೆಯನ್ನು ಬಿಟ್ಟು ಮಳೆ ಕಳೆದ ಮೇಲಿನ ದಿನಗಳಲ್ಲಿ, ಭಾನುವಾರವಲ್ಲದ ಒಂದು ವಾರವನ್ನು ಆರಿಸಿಕೊಂಡು ಹೋಗುವುದು. ದಡಾರದ ಮೊದಲನೆಯ ಚುಚ್ಚುಮದ್ದು ಒಂಬತ್ತು ತಿಂಗಳು ತುಂಬಿದ ಮೇಲೆ ಬೀಳುವುದರಿಂದ, ಅದಕ್ಕಿಂತ ಎಳೆಯ ಕೂಸುಗಳಿರುವವರು ರಜೆಯ ದಿನಗಳ ದಟ್ಟಣೆಯನ್ನು ತಪ್ಪಿಸುವುದು ಇನ್ನೂ ಅವಶ್ಯ.

ಸದ್ದಿನ ವಿಚಾರವನ್ನು ಜನ ಸಾಮಾನ್ಯವಾಗಿ ಲಕ್ಷಿಸುವುದಿಲ್ಲ. ಕೃತಕ ಮಳೆಯಲ್ಲಿ ಕುಣಿಯುವ ಮಂಟಪದ ಬಾಗಿಲಿನಲ್ಲಿ ನಿಂತಾಗ ನನ್ನ ಎದೆಗೂಡೇ ತಮಟೆಯ ಪೆಟ್ಟಿಗೆ ಅದುರಿತೆಂದಮೇಲೆ ಮೊಮ್ಮಗಳ ಗತಿಯೇನು? ಅವಳು ಅಳಲಿಲ್ಲ, ಕಣ್ಣುಗಳನ್ನು ಅಗಲಿಸಿ, ಮೈಯನ್ನು ಬಿಗಿಹಿಡಿದು, ತಾಯಿಯ ಕೊರಳಪಟ್ಟಿಯನ್ನು ಎರಡೂ ಮುಷ್ಟಿಗಳಿಂದ ಹಿಡಿದುಕೊಂಡಳು. ಅಳದ ಕೂಸು ಆನಂದಪಡುತ್ತಿದೆ ಎಂದು ತಿಳಿಯಲಾಗದು. "ಬಾ ಕಂದ, ನಾವು ಆ ಕಡೆ ಹೋಗೋಣ" ಎಂದು ಸೊಸೆ ಹುಲ್ಲುಹಾಸಿನ ಕಡೆಗೆ ತಿರುಗಿದ ಕೂಡಲೇ ಆ ಬಿಗಿ ಸಡಿಲವಾದದ್ದು ದೂರದಲ್ಲಿದ್ದ ನನಗೂ ಕಾಣಿಸಿತು. ಅಲ್ಲಿ ಮರದ ನೆರಳಿನಲ್ಲಿ, ಮೇಲೆ ಗೋಪುರದ ತುದಿಯಲ್ಲಿ ಮೆಲ್ಲಗೆ ತಿರುಗುತ್ತಿದ್ದ ದೊಡ್ಡ ಚಕ್ರವನ್ನು ಅವಳು ಬಹಳ ಹೊತ್ತು ನೋಡಿದಳು. ಚಕ್ರಕ್ಕಿಂತಲೂ ಹೆಚ್ಚಾಗಿ ಅದರ ಕೆಳಗೆ ಕುಳಿತಿದ್ದ ಒಂದು ಗೊರವಂಕವನ್ನು ನೋಡಿದಳು.

ನೀರಿನ ಆಟಗಳೇ ಅಲ್ಲಿನ ಪ್ರಧಾನ ಆಕರ್ಷಣೆ. ಕೃತಕ ಅಲೆಗಳ ಕೊಳದಲ್ಲಿ, ಸಮುದ್ರವನ್ನು ಎಂದೂ ಕಾಣದ ಬಯಲುಸೀಮೆಯ ಜನ, ಕೆರೆ ತುಂಬಿದ ವರ್ಷಗಳನ್ನು ಬೆರಳೆಣಿಸಿ ನೆನೆಯುವ ನಮ್ಮ ಜನ, ಎದೆಮಟ್ಟದ ನೀರಿನಲ್ಲಿ ಕೈಕೈ ಹಿಡಿದು ಕೇಕೆ ಹಾಕುವುದನ್ನು ನೋಡಿದರೆ ಕಣ್ಣು ತುಂಬಿ ಬರುತ್ತದೆ. ನದಿಯ ನಾಲೆಯಿಲ್ಲದೆ, ಕೊಳವೆಬಾವಿಯ ಆಳವನ್ನು ವರ್ಷವರ್ಷಕ್ಕೂ ಹೆಚ್ಚಿಸುತ್ತ ಬದುಕಿದ ಸೀಮೆ ಇದು. ನೀರನ್ನು ಕಂಡು ಹಿಗ್ಗುವ ಹಕ್ಕು ಇವರಿಗಿಲ್ಲದೆ ಇನ್ನಾರಿಗೆ? ಆದರೆ ಆ ಕೊಳ ಕೂಸಿಗೆ ತಕ್ಕದ್ದಲ್ಲ. ಅದರ ಮೈ ಬಹು ಬೇಗ ಶಾಖವನ್ನು ಕಳೆದುಕೊಳ್ಳುತ್ತದೆ; ಕೊಳದ ನೀರನ್ನು ಶುದ್ಧಿಗೊಳಿಸಲು ಬೆರೆಸುವ ಕ್ಲೋರಿನ್ ಅದರ ತೊಗಲಿಗೂ ಕಣ್ಣಿಗೂ ಹಿತವಲ್ಲ; ನೀರು ಬಾಯಿಗೆ ಹೋಗದಂತೆ ನೋಡಿಕೊಳ್ಳುವುದೂ ಅಸಾಧ್ಯ. ನೆರಳಿನಲ್ಲಿ ಕುಳಿತು, ಬಾಟಲಿಯ ಒಳ್ಳೆಯ ನೀರಿನಿಂದ ಒದ್ದೆ ಮಾಡಿದ ಅಂಗೈಯನ್ನು ಅದರ ಪಾದಕ್ಕೆ ತಾಗಿಸಿದರೆ ಅದು ಪಡುವ ಸಂಭ್ರಮಕ್ಕೆ ಯಾವ ಅಲೆಯೂ ಸಮನಲ್ಲ. ನೀರಿನಾಟದ ಉಡುಪಿನ ನಿಯಮ, ಸಾಮಾನಿನ ಕಪಾಟು, ಹೊರಗಿನ ಊಟಕ್ಕಿರುವ ನಿಷೇಧ ಮೊದಲಾದವನ್ನೂ, ಕೂಸಿನ ಗಂಜಿಗೆ, ರಾಗಿಸರಿಗೆ, ಬಿಸಿನೀರಿನ ಫ್ಲಾಸ್ಕಿಗೆ ಇರುವ ವಿನಾಯಿತಿಯನ್ನೂ, ಹಾಲೂಡಿಸುವ ಕೋಣೆ ಎಲ್ಲಿದೆಯೆಂಬುದನ್ನೂ ಹೊರಡುವ ಮುನ್ನವೇ ದೂರವಾಣಿಯಲ್ಲಿ ಕೇಳಿಕೊಂಡರೆ ಬಾಗಿಲಿನಲ್ಲಿ ಕಳೆಯುವ ಸಮಯ ಉಳಿಯುತ್ತದೆ.

ಈಗ ತಾಯಿಯ ಮಾತಿಗೆ ಬರುತ್ತೇನೆ. ಇಂತಹ ಯಾವ ಉದ್ಯಾನದಲ್ಲಿಯಾದರೂ ಬೆಂಚುಗಳ ಮೇಲೆ ಕುಳಿತವರನ್ನು ಗಮನಿಸಿ. ಇಡೀ ತಂಡದ ಚಪ್ಪಲಿ, ಚೀಲ, ಮೊಬೈಲು, ಒದ್ದೆ ಬಟ್ಟೆಗಳ ರಾಶಿಯ ನಡುವೆ, ಮಲಗಿದ ಕೂಸನ್ನು ತೊಡೆಯ ಮೇಲಿಟ್ಟುಕೊಂಡು, ಸುರುಳಿ ರೈಲಿನಿಂದ ಇಳಿದು ಬಂದವರು ಏದುಸಿರಿನಲ್ಲಿ ಹೇಳುವ ವರ್ಣನೆಗಳನ್ನು ನಗುನಗುತ್ತ ಕೇಳುವವಳು ಒಬ್ಬಳಿರುತ್ತಾಳೆ. ಅಂದು ವಾಲ್ಟ್ ಡಿಸ್ನಿ ಕುಳಿತಿದ್ದ ಬೆಂಚಿನ ಮೇಲೆ ಈಗ ಅವಳು ಕುಳಿತಿದ್ದಾಳೆ. ಡಿಸ್ನಿಯ ಉದ್ಯಾನಗಳಲ್ಲಿ ಇದಕ್ಕೊಂದು ಪರಿಹಾರವನ್ನು ಕ್ರಮಬದ್ಧವಾಗಿ ರೂಢಿಗೆ ತಂದಿದ್ದಾರೆ: ತಂದೆ ಆಟವಾಡಿ ಬರುವವರೆಗೆ ತಾಯಿ ಕೂಸನ್ನು ನೋಡಿಕೊಂಡು, ಅನಂತರ ಕೂಸನ್ನು ಅವನ ಕೈಗಿತ್ತು, ಸಾಲಿನಲ್ಲಿ ಮತ್ತೆ ಮೊದಲಿನಿಂದ ನಿಲ್ಲದೆಯೇ ಒಳಕ್ಕೆ ಹೋಗಬಹುದು. ನಮ್ಮ ಪರಿಷೆಯ ಸರದಿಯೂ ಇದೇ ಅಲ್ಲವೆ? ಆ ಏರ್ಪಾಡು ಇರಲಿ ಇಲ್ಲದಿರಲಿ, ಮನೆಯವರು ತಮ್ಮೊಳಗೆ ಸರದಿಯನ್ನು ಹೊರಡುವ ಮುನ್ನವೇ ನಿಶ್ಚಯಿಸಿಕೊಂಡಿದ್ದರೆ ಸಾಕು. ನಮ್ಮ ತಂಡದಲ್ಲಿ ಅದನ್ನು ಗೊತ್ತುಮಾಡಿದವಳು ಹೊರಡುವ ಹಿಂದಿನ ರಾತ್ರಿಯ ಚರ್ಚೆಯಲ್ಲಿ ಅತ್ಯಂತ ಪ್ರಬಲವಾಗಿ ವಿರೋಧಿಸಿದ್ದ ನನ್ನ ಹೆಂಡತಿಯೇ. "ಕೂಸನ್ನ ನನ್ನ ಕೈಗೆ ಕೊಡು, ಈಗ ತಾನೇ ಕುಡಿದಿದೆ, ಒಂದು ಗಂಟೆ ಏಳಲ್ಲ. ನೀನು ನಡಿ, ನಿನ್ನ ನಾದಿನಿ ಜೊತೆ ಆ ದೊಡ್ಡ ರೈಲು ಹತ್ಕೊಂಡು ಬಾ" ಎಂದು ಅವಳು ಹೇಳಿದಾಗ, ಸೊಸೆ ಎರಡು ಸಲ ಹಿಂತಿರುಗಿ ನೋಡುತ್ತ ನೋಡುತ್ತ ಹೋದಳು. ಮರಳಿ ಬಂದಾಗ ಅವಳ ಕೂದಲು ಕೆದರಿತ್ತು, ಕುಂಕುಮ ಅಳಿಸಿತ್ತು, ದನಿ ಕೂಗಿ ಕೂಗಿ ಒಡೆದುಹೋಗಿತ್ತು. ಮದುವೆಗೆ ಮೊದಲು ಚಿಕ್ಕಬಳ್ಳಾಪುರದ ಕಾಲೇಜಿನ ಬಸ್ಸಿನಲ್ಲಿ ಗೆಳತಿಯರೊಡನೆ ಹಾಡುತ್ತ ಹೋಗುತ್ತಿದ್ದ ಆ ಹುಡುಗಿಯನ್ನು ನಮ್ಮ ಮನೆಯವರು ಅಂದು ಮೊದಲ ಬಾರಿಗೆ ಕಂಡರು.

ಒಂದು ಮಾತನ್ನು ಇಲ್ಲಿ ಸೇರಿಸದೆ ಇರಲಾರೆ. ನೌಕರಿಯಲ್ಲಿರುವ ತಾಯಿಗೆ, ಹೆರಿಗೆ ಸೌಲಭ್ಯದ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯಿಂದಾಗಿ, 26 ವಾರಗಳ ಹೆರಿಗೆ ರಜೆಯುಂಟು, ಐವತ್ತು ಮತ್ತು ಅದಕ್ಕೂ ಹೆಚ್ಚು ಮಂದಿ ದುಡಿಯುವಲ್ಲಿ ಶಿಶುಪಾಲನಾಗೃಹವುಂಟು. ಕುದಿನೀರಿನ ಬಾನಿಯಿಂದ ರೇಷ್ಮೆಯ ಎಳೆ ತೆಗೆಯುವ ಸಣ್ಣ ಕಾರ್ಖಾನೆಯ ಹೆಣ್ಣುಮಗಳಿಗೂ, ಚಿಂತಾಮಣಿಯ ಸುತ್ತಲಿನ ಟೊಮೆಟೊ ತೋಟದಲ್ಲಿ ದಿನಗೂಲಿಗೆ ಕಾಯಿ ಬಿಡಿಸುವವಳಿಗೂ ಆ ರಜೆ ತಲುಪುವುದಿಲ್ಲ; ಅವಳ ಕೂಸು ಮರದ ಕೊಂಬೆಯ ಜೋಲಿಯಲ್ಲಿಯೋ ಅಕ್ಕನ ಕಂಕುಳಲ್ಲಿಯೋ ಬೆಳೆಯುತ್ತದೆ. ವಂಡರ್‌ಲಾದ ಟಿಕೆಟ್ಟಿನ ಹಣ ಆಕೆಯ ಹಲವು ದಿನಗಳ ಕೂಲಿ. ಆಕೆಯ ವಿಹಾರ ಇಂದಿಗೂ ನಂದಿಯ ತೇರು, ವಿದುರಾಶ್ವತ್ಥದ ಪರಿಷೆ, ಕೈವಾರದ ತಾತಯ್ಯನ ಸನ್ನಿಧಿ, ಮುರುಗಮಲ್ಲದ ದರ್ಗಾ. ಈಚೆಗೆ ಆವಲಗುರ್ಕಿಯಲ್ಲಿ 2023ರ ಜನವರಿ 15ರಂದು ಅನಾವರಣಗೊಂಡ 112 ಅಡಿಯ ಆದಿಯೋಗಿಯ ಮೂರ್ತಿ, ಅಲ್ಲಿ ಸಂಜೆಯ ಹೊತ್ತು ನಡೆಯುವ ಧ್ವನಿ–ಬೆಳಕಿನ ಪ್ರದರ್ಶನ ಇವೂ ಅದಕ್ಕೆ ಸೇರಿವೆ. 1478 ಮೀಟರ್ ಎತ್ತರದ ನಂದಿಬೆಟ್ಟಕ್ಕಂತೂ ಸೂರ್ಯೋದಯ ನೋಡಲು ಮಂಜಿನ ನಡುವೆ, ಕೂಸಿಗೆ ತೆಳುವಾದ ಒಂದು ಟೋಪಿ ಹಾಕಿಕೊಂಡು ಬರುವ ತಾಯಂದಿರನ್ನು ಎಷ್ಟೋ ಬಾರಿ ಕಂಡಿದ್ದೇನೆ. ತಪ್ಪಲಿಗಿಂತ ಮೇಲೆ ಛಳಿ ಎಷ್ಟು ಹೆಚ್ಚೆಂಬುದನ್ನು ಅವರಿಗೆ ಬುಡದಲ್ಲಿಯೇ ತಿಳಿಸುವ ಒಂದು ಫಲಕವಿದ್ದರೂ ಉಪಕಾರ. ಆದುದರಿಂದ ದೊಡ್ಡ ವಿನೋದವನದಲ್ಲಿ ಕೂಸಿನ ತಾಯಿಗೆ ಯಾವ ಅನುಕೂಲವನ್ನು ನಾವು ಅಪೇಕ್ಷಿಸುತ್ತೇವೆಯೋ, ಟಿಕೆಟ್ಟಿಲ್ಲದ ಈ ತಾಣಗಳಲ್ಲಿಯೂ ಅದನ್ನೇ ಅಪೇಕ್ಷಿಸತಕ್ಕದ್ದು ನ್ಯಾಯ.

ಈ ಅಪೇಕ್ಷೆಗೆ ಈಗ ಕಾನೂನಿನ ಬಲವೂ ಒದಗಿದೆ. 2025ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಪ್ರಸನ್ನ ಬಿ. ವರಾಳೆಯವರ ಪೀಠ, ಸಾರ್ವಜನಿಕ ಸ್ಥಳಗಳಲ್ಲಿ ಹಾಲೂಡಿಸುವ ಕೋಣೆಗಳನ್ನೂ ಶಿಶುಪಾಲನೆಯ ತಾಣಗಳನ್ನೂ ಏರ್ಪಡಿಸುವ ಬಗ್ಗೆ ಕೇಂದ್ರದ ಸಲಹೆಯನ್ನು ರಾಜ್ಯಗಳು ಕಾರ್ಯರೂಪಕ್ಕೆ ತರಬೇಕೆಂದೂ, ಹೊಸದಾಗಿ ಕಟ್ಟುವ ಸಾರ್ವಜನಿಕ ಕಟ್ಟಡಗಳಲ್ಲಿ ಅದಕ್ಕೆ ಸ್ಥಳ ಕಾದಿಡಬೇಕೆಂದೂ ಹೇಳಿ, ಸಾರ್ವಜನಿಕ ಸ್ಥಳದಲ್ಲಿ ಮಗುವಿಗೆ ಹಾಲುಣಿಸುವುದನ್ನು ಕೀಳಾಗಿ ಕಾಣಬಾರದೆಂದು ನಾಗರಿಕರಿಗೂ ನೆನಪಿಸಿತು. ತಮಿಳುನಾಡು 2015ರಲ್ಲಿಯೇ ಬಸ್ ನಿಲ್ದಾಣಗಳಲ್ಲಿ ಇಂತಹ ಕೋಣೆಗಳನ್ನು ತೆರೆದಿತ್ತು. ನಮ್ಮ ಜಿಲ್ಲೆಗೆ ಇದು ದೊಡ್ಡ ಖರ್ಚಿನ ಕಾರ್ಯವಲ್ಲ. ಶಿವರಾತ್ರಿಗೆ ನಂದಿಯಲ್ಲಿ ಜನ ಸೇರುವಾಗ ಕುಡಿಯುವ ನೀರಿನ ತೊಟ್ಟಿ, ಪೊಲೀಸರ ಚೌಕಿ, ಪ್ರಥಮ ಚಿಕಿತ್ಸೆಯ ಡೇರೆ ಇವುಗಳನ್ನು ಹಾಕುವ ಸಾಲಿನಲ್ಲಿಯೇ, ನಾಲ್ಕು ಕಡೆಗೂ ಪರದೆಯಿರುವ, ಒಳಗೆ ಎರಡು ಬೆಂಚುಗಳೂ ಜೋಲಿ ಕಟ್ಟಲು ಒಂದು ಗಟ್ಟಿಯಾದ ಅಡ್ಡಗಳುವೂ ಕೈತೊಳೆಯಲು ಒಂದು ನಲ್ಲಿಯೂ ಇರುವ ಮತ್ತೊಂದು ಡೇರೆಯನ್ನು ಹಾಕಬಹುದು. ವಿದುರಾಶ್ವತ್ಥದಲ್ಲಿಯೂ, ಕೈವಾರದಲ್ಲಿಯೂ, ನಂದಿಬೆಟ್ಟದ ವಾಹನ ನಿಲ್ದಾಣದಲ್ಲಿಯೂ ಅದನ್ನು ಶಾಶ್ವತವಾದ ಕೋಣೆಯಾಗಿ ಕಟ್ಟಬಹುದು. ಅದಕ್ಕೆ ಬೀಗ ಹಾಕಿ ಬೀಗದ ಕೈಯನ್ನು ಕಚೇರಿಯಲ್ಲಿಡದೆ, ತಾಯಂದಿರ ಅನುಭವವಿರುವ ಊರಿನ ಒಬ್ಬ ಹೆಂಗಸನ್ನೇ ಸಂಬಳ ಕೊಟ್ಟು ಅಲ್ಲಿ ಕೂರಿಸುವುದು ಉತ್ತಮ.